ನಮ್ಮ ಗುಡ್ಡದ ಕಲ್ಲಿನಲ್ಲಿ ಶಂಖವೇಕಿಲ್ಲ?

(ಪರಿಸರ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ನಿನ್ನೆ ಸಂಜೆ ಹತ್ತನೆಯ ತರಗತಿಯ ಹುಡುಗನೊಬ್ಬನು ಒಂದು ಕಲ್ಲಿನ ಚಕ್ಕೆಯನ್ನು ನನ್ನ ಕೈಗಿತ್ತು, "ಸರ್, ಇದರಲ್ಲಿ ಜರಿಗಿಡದ ಪಳೆಯುಳಿಕೆ ಇದೆ" ಎಂದನು. ಕಲ್ಲಿನ ಮೇಲೆ ಕವಲುಕವಲಾಗಿ ಹರಡಿದ ಕಪ್ಪು ಚಿತ್ತಾರವಿತ್ತು. ನೋಡಿದವರು ಜರಿಗಿಡವೆಂದೇ ಹೇಳಬೇಕು. ಆದರೆ ಅದು ಗಿಡವಲ್ಲ. ಕಲ್ಲಿನ ಬಿರುಕಿನಲ್ಲಿ ನುಸುಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಹೀಗೆ ಕವಲೊಡೆದು ಬೆಳೆಯುತ್ತದೆ. ಇದನ್ನು ಹೇಳಿದಾಗ ಅವನ ಮುಖ ಬಾಡಿತು. "ಹಾಗಾದರೆ ನಮ್ಮೂರಿನ ಗುಡ್ಡದಲ್ಲಿ ಪಳೆಯುಳಿಕೆಯೇ ಇಲ್ಲವೇ?" ಎಂದು ಕೇಳಿದನು. ನಾನು ಮಣ್ಣಿನ ಸವಕಳಿಯ ಕುರಿತು ಮಾತನಾಡಲು ಸಿದ್ಧನಾಗಿ ಬಂದಿದ್ದೆ. ಆ ಕಾಗದಗಳನ್ನು ಬದಿಗಿಟ್ಟು ಇಂದು ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಾನು ಭೂವಿಜ್ಞಾನಿಯಲ್ಲ, ಆದರೆ ಮಣ್ಣಿನ ಗುಂಡಿ ತೋಡುವವನು ಕಡೆಗೆ ಕಲ್ಲನ್ನು ಮುಟ್ಟಲೇಬೇಕು.

ಮೊದಲು ಒಂದು ಸಂಗತಿ. ಇಲ್ಲಿ ಕುಳಿತಿರುವ ಹಲವರ ಮನೆಯಲ್ಲಿ ಪಳೆಯುಳಿಕೆಗೆ ನಿತ್ಯವೂ ಪೂಜೆ ನಡೆಯುತ್ತಿದೆ. ಸಾಲಿಗ್ರಾಮದ ಒಳಗಿನ ಚಕ್ರವು ಅಮೋನೈಟ್ ಎಂಬ ಕಡಲಜೀವಿಯ ಸುರುಳಿಚಿಪ್ಪಿನ ಗುರುತು. ನೇಪಾಳದ ಕಾಲಿ ಗಂಡಕಿಯ ಪಾತ್ರದಲ್ಲಿ ಅದು ಸಿಕ್ಕುತ್ತದೆ. ಹಿಮಾಲಯವಿರುವಲ್ಲಿ ಹಿಂದೆ ಟೆಥಿಸ್ ಸಮುದ್ರವಿತ್ತೆಂಬುದಕ್ಕೆ ಅದೊಂದು ಸಾಕ್ಷಿ. ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನಲ್ಲಿಯೂ ಅಮೋನೈಟ್‌ಗಳಿವೆ. ನಮ್ಮ ಹಳ್ಳದ ಕಲ್ಲಿನಲ್ಲಿ ಮಾತ್ರ ಏಕಿಲ್ಲ?

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು 1669ರಲ್ಲಿ ಸ್ಟೆನೋ ಎಂಬ ವಿದ್ವಾಂಸನು ಬರೆದಿಟ್ಟನು. ಇಂಗ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್, ಒಂದೊಂದು ಪದರಕ್ಕೂ ತನ್ನದೇ ಆದ ಚಿಪ್ಪುಗಳಿವೆ, ಅವುಗಳ ಅನುಕ್ರಮ ಊರೂರಿಗೆ ಬದಲಾಗುವುದಿಲ್ಲ ಎಂಬುದನ್ನು ಕಂಡುಕೊಂಡು, 1815ರಲ್ಲಿ ಭೂಪಟವನ್ನೇ ಪ್ರಕಟಿಸಿದನು. ಈ ಕ್ರಮ ನಡೆಯಬೇಕಾದರೆ ಕಲ್ಲಿನಲ್ಲಿ ಚಿಪ್ಪಿರಬೇಕು. ಗಟ್ಟಿ ಚಿಪ್ಪಿನ ಪ್ರಾಣಿಗಳು ಭೂಮಿಯಲ್ಲಿ ಹೇರಳವಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಭೂಮಿಯ ವಯಸ್ಸಾದರೋ ಸುಮಾರು 454 ಕೋಟಿ ವರ್ಷ. ನಮ್ಮ ಮಲೆನಾಡಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಹಲವೆಡೆ ಅಡಿಪಾಯದಲ್ಲಿರುವ ಪಟ್ಟೆಪಟ್ಟೆಯ ನೀಸ್ ಶಿಲೆಗೆ 300 ಕೋಟಿ ವರ್ಷ ಮೀರಿದೆ. ಶಂಖ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಈ ಕಲ್ಲು ಹುಟ್ಟಿತ್ತು. ಹುಡುಗನಿಗೆ ಸಿಕ್ಕದಿರುವುದು ಅವನ ಹುಡುಕಾಟದ ದೋಷವಲ್ಲ.

ಇಷ್ಟು ವಯಸ್ಸನ್ನು ಹೇಗೆ ಅಳೆದರು? ಕಲ್ಲಿನಲ್ಲಿ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳಿರುತ್ತವೆ. ಹುಟ್ಟುವಾಗ ಅವು ತಮ್ಮೊಳಗೆ ಯುರೇನಿಯಂ ಸೇರಿಸಿಕೊಳ್ಳುತ್ತವೆ, ಸೀಸವನ್ನು ಬಹುಮಟ್ಟಿಗೆ ದೂರವಿಡುತ್ತವೆ. ಯುರೇನಿಯಂ 238ರಲ್ಲಿ ಅರ್ಧಭಾಗ ಸೀಸವಾಗಲು 447 ಕೋಟಿ ವರ್ಷ ಬೇಕು. ಎಷ್ಟು ಸೀಸವಾಗಿದೆಯೆಂದು ಅಳೆದರೆ ವಯಸ್ಸು ದೊರೆಯುತ್ತದೆ.

ಹಾಗೆಂದು ನಮ್ಮ ಶಿಲಾಸ್ತರಗಳು ಮೂಕವಾಗಿಲ್ಲ. ಬಾಬಾಬುಡನ್ ಗಿರಿಯ ಸಾಲನ್ನು ತೆಗೆದುಕೊಳ್ಳಿ. ಅಲ್ಲಿ ತಳಭಾಗದಲ್ಲಿ ಬೆಣಚು ಉರುಟುಕಲ್ಲುಗಳು ಬೆಸೆದುಕೊಂಡ ಪದರವಿದೆ. ಉರುಟುಕಲ್ಲು ಎಂದರೆ ಹರಿಯುವ ನೀರು. ಅದರ ನಡುವೆ ನೀರು ಹೊತ್ತು ತಂದ ಪೈರೈಟ್, ಯುರೇನಿನೈಟ್ ಎಂಬ ಖನಿಜಗಳ ಕಣಗಳಿವೆ. ಇವು ಇಂದಿನ ಗಾಳಿಗೆ ತೆರೆದುಕೊಂಡರೆ ಬೇಗನೆ ಕೆಟ್ಟುಹೋಗುವಂಥವು. ನದಿಯಲ್ಲಿ ಉರುಳಿಯೂ ಕೆಡಲಿಲ್ಲವೆಂದರೆ ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆಯಿತ್ತು ಎಂದರ್ಥ. ಅದರ ಮೇಲೆ ಅಲೆಯ ಗುರುತುಗಳಿರುವ ಮರಳಿನ ಪದರಗಳು, ನಡುನಡುವೆ ಲಾವಾ. ಇನ್ನೂ ಮೇಲೆ ಕಬ್ಬಿಣ ಮತ್ತು ಬೆಣಚಿನ ಪಟ್ಟೆಗಳು ಒಂದರ ಮೇಲೊಂದು ಕೂತ ಶಿಲೆ. ಕುದುರೆಮುಖದ ಅದಿರೂ ಇದೇ ಜಾತಿಯದು.

ಈ ಪಟ್ಟೆಯ ಕಬ್ಬಿಣದ ಬಳಿ ಸ್ವಲ್ಪ ನಿಲ್ಲೋಣ. ಆಮ್ಲಜನಕವಿಲ್ಲದ ಕಡಲಿನಲ್ಲಿ ಕಬ್ಬಿಣವು ಉಪ್ಪಿನಂತೆ ಕರಗಿ ನಿಂತಿತ್ತು. ಅದು ತುಕ್ಕಾಗಿ ತಳಕ್ಕೆ ಇಳಿಯಬೇಕಾದರೆ ಯಾರಾದರೂ ಅದನ್ನು ತುಕ್ಕು ಹಿಡಿಸಬೇಕು. ಬೆಳಕನ್ನು ಬಳಸಿ ಬದುಕಲು ಕಲಿತ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿದವೆಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಅವು ಆಮ್ಲಜನಕವನ್ನು ಬಿಟ್ಟು ಹಾಗೆ ಮಾಡಿದವೋ, ಕಬ್ಬಿಣವನ್ನು ನೇರವಾಗಿಯೇ ಬಳಸಿಕೊಂಡವೋ ಎಂಬ ಚರ್ಚೆ ನಡೆದಿದೆ. ವಾಯುಮಂಡಲದಲ್ಲಿ ಆಮ್ಲಜನಕ ನೆಲೆ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನಮ್ಮ ಕಬ್ಬಿಣದ ಪಟ್ಟೆಗಳು ಅದಕ್ಕಿಂತ ಹಿಂದಿನವು, ಆ ಕಥೆಯ ಮುನ್ನುಡಿ.

ಪಳೆಯುಳಿಕೆಯೂ ಇದೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕುಂಸಿಯ ಸುಣ್ಣಶಿಲೆಯಲ್ಲಿ, ಚಿತ್ರದುರ್ಗದ ಕಡೆ ಮಾರಿಕಣಿವೆಯ ಬಳಿ, ಸ್ಟ್ರೊಮ್ಯಾಟೊಲೈಟ್‌ಗಳು ದೊರೆತಿವೆ. ನೋಡಲು ಅಡ್ಡ ಕೊಯ್ದ ಎಲೆಕೋಸಿನಂತೆ, ಗುಮ್ಮಟದ ಮೇಲೆ ಗುಮ್ಮಟ. ಆಳವಿಲ್ಲದ ನೀರಿನಲ್ಲಿ ಲೋಳೆಯ ಹಾಸಾಗಿ ಬೆಳೆದ ಸೂಕ್ಷ್ಮಜೀವಿಗಳು ಸುಣ್ಣದ ಕಣಗಳನ್ನು ಹಿಡಿದು ಪದರಪದರವಾಗಿ ಕಟ್ಟಿದ ಮನೆಗಳವು. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಅಂಥವು ಜೀವಂತವಾಗಿವೆ. ಕೃಷಿಕರಿಗೊಂದು ಮಾತು: ರಾಜಸ್ಥಾನದ ಉದಯಪುರದ ಬಳಿ ಝಾಮರಕೋಟ್ರಾ ಗಣಿಯ ರಾಕ್ ಫಾಸ್ಫೇಟ್ ಇಂಥ ಸ್ಟ್ರೊಮ್ಯಾಟೊಲೈಟ್‌ಗಳಲ್ಲಿಯೇ ಸಂಗ್ರಹವಾದುದು. ನಮ್ಮ ಹುಳಿಮಣ್ಣಿನ ತೋಟಕ್ಕೆ ಆ ಗೊಬ್ಬರ ಒಗ್ಗುತ್ತದೆ. ನಿಮ್ಮ ಕೊಟ್ಟಿಗೆಯ ಮೂಲೆಯ ಚೀಲ ಅಲ್ಲಿಂದ ಬಂದದ್ದಾದರೆ, ನೀವು ಅಡಿಕೆಮರದ ಬುಡಕ್ಕೆ ಹಾಕುತ್ತಿರುವುದು ಪಳೆಯುಳಿಕೆಯ ಪುಡಿ.

ಮೇಲಿನದು ಹೊಸದು ಎಂದೆ. ಆದರೆ ನಮ್ಮ ಪದರಗಳು ಕಂಬಳಿಯಂತೆ ಮಡಿಸಿಹೋಗಿವೆ, ಕೆಲವೆಡೆ ಬುಡಮೇಲಾಗಿವೆ. ಆಗ ಕಲ್ಲೇ ದಿಕ್ಕು ಹೇಳಬೇಕು. ಮರಳಿನ ಮೇಲೆ ಅಲೆ ಬರೆದ ಏಣುಗಳ ಚೂಪು ತುದಿ ಅಂದಿನ ಮೇಲ್ಮೈಯ ಕಡೆಗಿರುತ್ತದೆ, ದುಂಡನೆಯ ತಗ್ಗು ಕೆಳಗಿರುತ್ತದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಇದೆ. ದಿಂಬಿನ ಉಬ್ಬು ಮೇಲೆ, ಕೆಳಗಿನ ದಿಂಬುಗಳ ಸಂದಿಗೆ ಇಳಿದ ಮೊನೆ ಕೆಳಗೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಪುಟಗಳು ಇರುವಂತೆ ಹರಿದುಹೋದ ಪುಟಗಳೂ ಇವೆ. ತಿರುಮಲೆಯ ಘಾಟಿ ಹತ್ತುವಾಗ ಕೆಳಗಿನ ಗ್ರಾನೈಟಿನ ಮೇಲೆ ಚಪ್ಪಟೆಯಾದ ಬೆಣಚುಕಲ್ಲಿನ ಸ್ತರಗಳು ಕೂತಿರುವುದನ್ನು ಕಾಣಬಹುದು. ಎರಡರ ನಡುವಿನ ಗೆರೆ ಒಂದು ಬೆರಳಿನಷ್ಟು. ಆ ಗೆರೆಯಲ್ಲಿ ಕಳೆದುಹೋದ ಕಾಲ ಸುಮಾರು 80 ಕೋಟಿ ವರ್ಷ. ಬಸ್ಸಿನಲ್ಲಿ ನಿದ್ದೆ ಮಾಡದವರು ಈ ಬಾರಿ ನೋಡಿರಿ. ನಮ್ಮೂರಿನ ರಸ್ತೆ ಕಡಿದ ದರೆಯಲ್ಲಿ ಇನ್ನೂ ದೊಡ್ಡ ಗೆರೆಯಿದೆ: ಮೇಲೆ ಒಂದು ಮೊಳ ಕಪ್ಪುಮಣ್ಣು, ಅದರಡಿ ಜಂಬಿಟ್ಟಿಗೆ, ಅದರಡಿ ನೇರವಾಗಿ 250 ಕೋಟಿ ವರ್ಷ ಮೀರಿದ ಕಲ್ಲು. ನಡುವೆ ಡೈನೋಸಾರ್‌ಗಳ ಕಾಲವೆಲ್ಲ ಬಂದುಹೋಯಿತು; ಇಲ್ಲಿ ಒಂದು ಸಾಲೂ ಉಳಿದಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ನೋಡಬೇಕಾದರೆ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿಸ್ ದ್ವೀಪಕ್ಕೇ ಹೋಗಬೇಕು.

ಕುದುರೆಮುಖದ ಗಣಿ 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಆ ಹೋರಾಟದಲ್ಲಿ ನಾವು ಕಾಡಿನ, ಭದ್ರೆಯ ನೀರಿನ ಮಾತನ್ನು ಆಡಿದೆವು, ಆಡಬೇಕಾದದ್ದೇ. ಶಿಲೆಯ ಮಾತನ್ನು ಬಹಳ ಕಡಿಮೆ ಆಡಿದೆವು. ನನ್ನನ್ನೂ ಸೇರಿಸಿಯೇ ಹೇಳುತ್ತೇನೆ.

ನಮ್ಮ ಮನೆಯ ಕೆಳಗಿನ ಹಳ್ಳದಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲೊಂದಿತ್ತು. ಅದರ ಮೈಮೇಲೆ ಸಾಲುಸಾಲಾದ ಏಣುಗಳಿದ್ದವು. ಬಟ್ಟೆ ಜಾರದಂತೆ ಹಿರಿಯರು ಕೆತ್ತಿಸಿದ್ದೆಂದು ಅಮ್ಮ ಹೇಳುತ್ತಿದ್ದರು, ನಾನೂ ನಂಬಿದ್ದೆ. ಪಿಎಚ್.ಡಿ. ಮುಗಿಸಿ ಬಂದಮೇಲೆ ಒಮ್ಮೆ ಜೊತೆಗೆ ಬಂದ ಭೂವಿಜ್ಞಾನಿ ಗೆಳೆಯನು ಅದರ ಬಳಿ ಮಂಡಿಯೂರಿ ಕುಳಿತು, ಇದು ಪ್ರಾಚೀನ ಕಡಲಂಚಿನ ಅಲೆಯ ಗುರುತು ಎಂದನು. ಮುಂದಿನ ಬೇಸಿಗೆಯಲ್ಲಿ ಶಾಲಾಮಕ್ಕಳನ್ನು ಕರೆದುಕೊಂಡು ಹೋದೆ. ಕಲ್ಲಿರಲಿಲ್ಲ. ರಸ್ತೆ ಅಗಲ ಮಾಡಲು ಸಿಡಿಮದ್ದಿಟ್ಟು ಜಲ್ಲಿ ಮಾಡಿದ್ದರು. ಯಾರನ್ನು ದೂರಲಿ? ಅದು ಏನೆಂದು ನಾನೇ ಯಾರಿಗೂ ತಿಳಿಸಿರಲಿಲ್ಲ. ಒಂದು ಕಾಗದವನ್ನು ಪಂಚಾಯಿತಿಗೆ ಬರೆದು ಹಾಕಿರಲಿಲ್ಲ.

ಆದ್ದರಿಂದ ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಶಾಲೆಯ ಮುಂದೆ ಸೇರೋಣ. ಹಳ್ಳದ ಮೇಲ್ಭಾಗದಲ್ಲಿ ಅದೇ ಪದರ ಇನ್ನೊಂದು ಕಡೆ ಹೊರಗೆ ಕಾಣುತ್ತದೆ ಎಂದು ದನ ಮೇಯಿಸುವ ಹಿರಿಯರೊಬ್ಬರು ಹೇಳಿದ್ದಾರೆ. ನೋಟುಪುಸ್ತಕ, ಅಳತೆಪಟ್ಟಿ, ಸಾಧ್ಯವಾದರೆ ಒಂದು ಕ್ಯಾಮೆರಾ ತನ್ನಿರಿ. ಸುತ್ತಿಗೆ ಬೇಡ. ನೀಲಿನಕ್ಷೆಯಲ್ಲಿ ಸರ್ವೆ ನಂಬರ್ ಗುರುತಿಸಿ ಗ್ರಾಮಸಭೆಗೆ ಕೊಡುವ ಅರ್ಜಿಯನ್ನು ಅಲ್ಲಿಯೇ ಕುಳಿತು ಬರೆಯೋಣ. ಜರಿಗಿಡದ ಕಲ್ಲು ತಂದ ಹುಡುಗನು ಮುಂದೆ ನಡೆಯಲಿ.