ಕೈಯಾಗ ಸುತ್ತಿಗಿ, ಕಣ್ಣು ಹಕ್ಕಿ ಮ್ಯಾಲೆ

ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ನಿಂತು ಮಾತಾಡ್ಲಿಕ್ಹತ್ತೀನಿ, ಗದ್ದಲ ಕೇಳಿಸಿದ್ರ ಸಹಿಸ್ಕೋರಿ. ಇಲ್ಲಿ ಅಂಗಡಿ ಕಟ್ಟಿಗೆ ಹಾಸಿದ ಬೂದಿ ಬಣ್ಣದ ಫರ್ಸಿ ನೋಡ್ರಿ. ಶಹಾಬಾದದ್ದು, ಸುಣ್ಣಕಲ್ಲು, ಒಂದು ಕಾಲಕ್ಕ ಸಮುದ್ರದ ತಳದಾಗ ಕೂತ ಕೆಸರು. ಅದೇ ನೀವು ಕಮಲಾಪುರದ ರಸ್ತೆ ಹಿಡಿದ್ರ ಕರಿಕಲ್ಲು ಸಿಗ್ತದ. ಅದು ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದ ಉಕ್ಕಿ ಹರಿದು, ಜೋಳದ ರೊಟ್ಟಿ ಅಡಕಿ ಇಟ್ಟಂಗ ಒಂದರ ಮ್ಯಾಲೊಂದು ಕೂತದ. ಈ ಕರಿಕಲ್ಲು ಸವೆದೇ ನಮ್ಮ ಎರಿ ಹೊಲ ಆಗ್ಯಾವ, ತೊಗರಿ ಬೆಳೀತದ.

ಈ ದಖ್ಖನ್ ಲಾವಾದ ಮ್ಯಾಲೆ 1867ರಷ್ಟು ಹಿಂದೇ ದೊಡ್ಡ ವರದಿ ಬರದವರ ಹೆಸರು ವಿಲಿಯಂ ಥಾಮಸ್ ಬ್ಲಾನ್‌ಫರ್ಡ್. ಪಶ್ಚಿಮ ಮತ್ತು ಮಧ್ಯ ಭಾರತ ತಿರುಗಿ ಬರದದ್ದು ಅದು. ನಮ್ಮ ಭೀಮಾ ದಂಡಿ ಕಡಿ ಕಲ್ಲುಗಳ ಕೆಲಸ ಅವರ ಭೂವಿಜ್ಞಾನ ಇಲಾಖೆಯವರೇ ಆದ ರಾಬರ್ಟ್ ಬ್ರೂಸ್ ಫೂಟ್ ಮಾಡಿದ್ರು. ಬ್ಲಾನ್‌ಫರ್ಡ್ ಸಾಹೇಬ್ರ ವಿಶೇಷ ಏನಂದ್ರ, ನೌಕರಿ ಕಲ್ಲಿಂದು, ಆದ್ರ ಭಾರತದ ಹಕ್ಕಿಗಳ ಆಧಾರಗ್ರಂಥದಾಗ ಎರಡು ಸಂಪುಟ ಅವರವೇ.

ಹುಟ್ಟಿದ್ದು 1832, ಲಂಡನ್‌ನಾಗ. 1855ರಾಗ ತಮ್ಮ ಹೆನ್ರಿ ಜೋಡಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ್ರು. ಮೊದಲ ಕೆಲಸ ಒಡಿಶಾದ ತಾಲ್ಚೇರ್ ಕಲ್ಲಿದ್ದಲ ಪ್ರದೇಶ. ಅಲ್ಲೊಂದು ಒಗಟು ಎದುರಾಯ್ತು. ನುಣ್ಣನೆ ಕೆಸರುಕಲ್ಲಿನೊಳಗ ದೊಡ್ಡ ದೊಡ್ಡ ಬಂಡಿ ಹುಗಿದಿದ್ವು. ಬಂಡಿ ಹೊತ್ತು ತರುವಷ್ಟು ಜೋರಿನ ನೀರಿದ್ರ ನುಣ್ಣನೆ ಕೆಸರು ಅಲ್ಲಿ ನಿಲ್ಲಂಗಿಲ್ಲ. ಕೆಸರು ನಿಲ್ಲುವಷ್ಟು ನೀರು ಶಾಂತ ಇದ್ರ ಬಂಡಿ ಬರಂಗಿಲ್ಲ. ಹಂಗಾದ್ರ ತಂದವರ್ಯಾರು? ಮಂಜುಗಡ್ಡಿ, ಅಂದ್ರು ಬ್ಲಾನ್‌ಫರ್ಡ್ ಮತ್ತವರ ಸಂಗಡಿಗರು. ಒಡಿಶಾದ ಬಿಸಿಲಾಗ ನಿಂತು ಮಂಜುಗಡ್ಡಿ ಅನ್ನಬೇಕಾದ್ರ ಗುಂಡಿಗಿ ಬೇಕು ನೋಡ್ರಿ! ಮುಂದ ಅದೇ ಖರೆ ಆಯ್ತು. ಸುಮಾರು 30 ಕೋಟಿ ವರ್ಷದ ಹಿಂದ ಭಾರತ ದಕ್ಷಿಣದ ಗೊಂಡ್ವಾನ ಖಂಡದ ತುಂಡಾಗಿ ಹಿಮದ ಕೆಳಗ ಇತ್ತು.

ಈ ವಸ್ತು ಇಲ್ಲಿಗೆ ಹೆಂಗ ಬಂತು ಅನ್ನೋ ಪ್ರಶ್ನೆ ಅವರನ್ನ ಬಿಡಲೇ ಇಲ್ಲ. ಕಲ್ಲಿಗೆ ಕೇಳಿದ್ದನ್ನೇ ಹಕ್ಕಿಗೂ ಕೇಳಿದ್ರು. ಸರ್ವೇಕ್ಷಣೆಯವರಿಗೆ ಆಗ ಚಳಿಗಾಲ ಪೂರ್ತಿ ಡೇರೆದಾಗ ವಾಸ, ಊರಿಂದೂರಿಗೆ ನಡಿಗಿ. ರಸ್ತೆ ಇಲ್ಲದ ಕಡೆ ಹೋಗವ್ರಿಗೆ ಹಕ್ಕಿ ಹೆಚ್ಚು ಕಾಣ್ತಾವ. ಹಿಂಗಾಗಿ 1867-68ರ ಬ್ರಿಟಿಷ್ ಸೈನ್ಯದ ಅಬಿಸೀನಿಯಾ ದಂಡಯಾತ್ರಿ ಜೋಡಿ ಹೋದಾಗ್ಲೂ, ಮುಂದ ಪರ್ಷಿಯಾದ ಗಡಿ ಆಯೋಗದ ಜೋಡಿ ಹೋದಾಗ್ಲೂ ಕಲ್ಲಿನ ಸಂಗಡ ಪ್ರಾಣಿ-ಪಕ್ಷಿ ಲೆಕ್ಕ ಬರದೇ ತಂದ್ರು. 1882ರಾಗ ನಿವೃತ್ತಿ ಆದ ಮ್ಯಾಲೆ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಗ್ರಂಥಮಾಲೆಗೆ ಸಂಪಾದಕರಾದ್ರು. ಹಕ್ಕಿಗಳ ಮೊದಲ ಎರಡು ಸಂಪುಟ ಯೂಜೀನ್ ಓಟ್ಸ್ ಬರದ್ರು. ಮೂರನೇದು 1895ರಾಗ, ನಾಕನೇದು 1898ರಾಗ, ಬ್ಲಾನ್‌ಫರ್ಡ್ ಬರದದ್ದು. ಗೂಬಿ, ಗಿಳಿ, ಪಾರಿವಾಳ, ನವಿಲು, ನಮ್ಮ ಎರೆಭೂತ, ಎಲ್ಲಾ ಇವರ ಪಾಲಿಗೆ ಬಂದ್ವು.

ಈಗ ಖರೆ ರುಚಿ ಇರೋ ಮಾತಿಗೆ ಬರ್ತೀನಿ. ದಾಂಡೇಲಿಗೆ ಹೋದವ್ರು ದೊಡ್ಡ ಮಂಗಟ್ಟೆ ಹಕ್ಕಿ ನೋಡಿರ್ತೀರಿ, ಹಳದಿ ಕೊಕ್ಕಿನ ಮ್ಯಾಲೆ ಟೊಪ್ಪಿಗಿ ಇಟ್ಟಂಥಾದ್ದು. ಸಹ್ಯಾದ್ರಿ ಬಿಟ್ರ ಅದು ಮತ್ತ ಸಿಗೋದು ಹಿಮಾಲಯದ ಬುಡದಾಗ, ಅಸ್ಸಾಂದಾಗ, ಅಲ್ಲಿಂದ ಮಲಯಾ, ಸುಮಾತ್ರಾ ತನಕ. ನಡುವೆ ನಮ್ಮ ಒಣ ದಖ್ಖನ್‌ದಾಗ ಒಂದೂ ಇಲ್ಲ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಿಟ್ಟು ಎರಡು ಕಡೆ ಒಂದೇ ಹಕ್ಕಿ ಯಾಕ? ಎತ್ತರದ ನೀಲಗಿರಿಯೊಳಗ ಹಿಮಾಲಯದ ಜೀವಿಗಳ ಬೀಗರು ಯಾಕ? ಬ್ಲಾನ್‌ಫರ್ಡ್ ಉತ್ತರ: ಹಿಮಯುಗದ ಚಳಿಯೊಳಗ ಆ ಜೀವಿಗಳು ಬಯಲಿಗೆ ಇಳಿದು ದಕ್ಷಿಣದ ತನಕ ಹರಡಿದ್ವು, ಬಿಸಿ ಏರಿದಂಗ ಬೆಟ್ಟ ಹತ್ತಿ ಅಲ್ಲೇ ಸಿಕ್ಕೊಂಡ್ವು. 1949ರಾಗ ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ ಸಾತ್ಪುರಾ ಬೆಟ್ಟದ ಸಾಲೇ ಸೇತುವೆ ಆಗಿತ್ತು ಅಂತ ಬ್ಯಾರೆ ದಾರಿ ತೋರಿಸಿದ್ರು. ಪಕ್ಷಿ ತಜ್ಞ ಸಲೀಂ ಅಲಿ ಹಕ್ಕಿಗಳ ಲೆಕ್ಕ ಇಟ್ಟು ಅದನ್ನ ಪರೀಕ್ಷಿಸಿದ್ರು. ನಮ್ಮ ಜಿಲ್ಲಾ ಆಗ ಇದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದವ್ರೂ ಅವರೇ.

ಇತ್ತೀಚೆಗೆ ಡಿಎನ್‌ಎ ಬಂದು ಕತಿ ಇನ್ನೂ ತಿರುವು ತಗೊಂಡದ. ವಿ.ವಿ. ರಾಬಿನ್ ಮತ್ತು ಸಂಗಡಿಗರು 2017ರಾಗ ಪಶ್ಚಿಮಘಟ್ಟದ ಶೋಲಾ ಕಾಡಿನ ಎರಡು ಹಕ್ಕಿ ಗುಂಪುಗಳಿಗೆ ಹೊಸ ಕುಲದ ಹೆಸರೇ ಕೊಟ್ರು: ಶೋಲಿಕೋಲಾ, ಮಾಂಟೆಸಿಂಕ್ಲಾ. ಅವು ಬ್ಯಾರೆ ಆದದ್ದು ಹಿಮಯುಗಕ್ಕಿಂತ ಭಾಳ ಹಿಂದ. ಅಂದ್ರ ಈ ಹಕ್ಕಿಗಳ ಮಟ್ಟಿಗೆ ಬ್ಲಾನ್‌ಫರ್ಡ್ ಉತ್ತರ ನಡಿಯಂಗಿಲ್ಲ. ನನಗ ಕೇಳಿದ್ರ, ಅವರ ಪ್ರಶ್ನೆ ಇನ್ನೂ ಚಾಲ್ತಿಯೊಳಗ ಅದ, ಅದೇ ಅವರ ದೊಡ್ಡ ಗಳಿಕೆ.

ಕಡೀಗೆ ಒಂದು ಹಕ್ಕಿ ಸುದ್ದಿ ಹೇಳದೇ ಬಿಡಂಗಿಲ್ಲ. ಜೆರ್ಡನ್ಸ್ ಕೋರ್ಸರ್. ತೆಲುಗಿನವ್ರು ಕಲಿವಿ ಕೋಡಿ ಅಂತಾರ. ಎದಿ ಮ್ಯಾಲೆ ಎರಡು ಪಟ್ಟಿ, ಕುರುಚಲು ಕಾಡಿನ ನೆಲದ ಮ್ಯಾಲೆ ಓಡಾಡ್ತದ, ಅದೂ ರಾತ್ರಿ. ಗೋದಾವರಿ ಕಣಿವಿ ಕಲ್ಲು ನೋಡ್ಲಿಕ್ಕ ಹೋದ ಬ್ಲಾನ್‌ಫರ್ಡ್‌ಗೆ ಸಿರೋಂಚಾ, ಭದ್ರಾಚಲಂ ಹತ್ತಿರ ಇದು ಸಿಕ್ತು. 1900ರಾಗ ಅನಂತಪುರದ ಕಡೆ ಒಮ್ಮೆ ಕಂಡದ್ದೇ, ಆಮ್ಯಾಲೆ ಎಂಬತ್ತಕ್ಕೂ ಹೆಚ್ಚು ವರ್ಷ ಪತ್ತೆ ಇಲ್ಲ. ಮುಗೀತು ಅಂತ ಕೈಬಿಟ್ಟಿದ್ರು. 1986ರಾಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟದಾಗ ಕಡಪಾದ ರೆಡ್ಡಿಪಲ್ಲಿ ಹತ್ತಿರ ಮತ್ತ ಸಿಕ್ತು, ಅದೂ ಊರಿನ ಬ್ಯಾಟಿಗಾರನ ಕೈಯಿಂದ. ಮುಂದ ಅದನ್ನ ಲೆಕ್ಕ ಹಾಕ್ಲಿಕ್ಕ ಪೊದಿಗಳ ನಡುವೆ ಮೆತ್ತನೆ ಮಣ್ಣಿನ ಪಟ್ಟಿ ಹಾಸಿ, ಮುಂಜಾನಿ ಹೆಜ್ಜಿ ಗುರ್ತು ನೋಡೋ ಪದ್ಧತಿ ಬಂತು. ಆ ಕಾಡಿನೊಳಗ ಹಾಯಬೇಕಿದ್ದ ತೆಲುಗು ಗಂಗಾ ಕಾಲುವಿ ದಾರಿಯನ್ನೇ ಈ ಹಕ್ಕಿ ಸಲುವಾಗಿ ಬದಲಿಸಿದ್ರು.