‘ಎಕೋ’ ಎಂಬ ಪದದ ಸುತ್ತ

ಆಸ್ಪತ್ರೆಗೆ ಹೋಗಿಬಂದವರು ‘ಎಕೋ ಮಾಡಿಸಿದೆವು’ ಎನ್ನುವುದನ್ನು ತಾವೆಲ್ಲರೂ ಕೇಳಿದ್ದೀರಿ. ಹೃದಯ ಪರೀಕ್ಷೆಯ ಹೆಸರಾಗಿ ಈ ಇಂಗ್ಲಿಷ್ ಪದವು ನಮ್ಮ ಆಡುಮಾತಿನಲ್ಲಿ ನೆಲೆಸಿಬಿಟ್ಟಿದೆ. ಅದರ ಅರ್ಥವೇನೆಂದು ಕೇಳಿದರೆ ನಿಘಂಟು ‘ಪ್ರತಿಧ್ವನಿ’ ಎನ್ನುತ್ತದೆ. ಉತ್ತರ ಸರಿಯೇ, ಆದರೆ ಸಾಲದು.

ಪದದ ಮೂಲ ಗ್ರೀಕ್. ಅಲ್ಲಿನ ಪುರಾಣದಲ್ಲಿ ಎಕೋ ಒಬ್ಬ ವನದೇವತೆ. ರೋಮಿನ ಕವಿ ಓವಿಡ್ ‘ಮೆಟಮಾರ್ಫಸಿಸ್’ ಕಾವ್ಯದ ಮೂರನೆಯ ಭಾಗದಲ್ಲಿ ಅವಳ ಕಥೆಯನ್ನು ಹೇಳಿದ್ದಾನೆ. ಮಾತುಗಾತಿಯಾದ ಅವಳಿಗೆ ಜೂನೋ ದೇವಿಯ ಶಾಪ ತಗಲುತ್ತದೆ. ತಾನಾಗಿ ಮಾತನ್ನು ಆರಂಭಿಸುವಂತಿಲ್ಲ. ಪರರ ಮಾತಿನ ಕೊನೆಯನ್ನಷ್ಟೇ ಮರಳಿ ನುಡಿಯಬೇಕು. ಆದರೂ ನಾರ್ಸಿಸಸನಿಗೆ ಒಲಿದ ಅವಳು ಅವನ ಮಾತಿನ ತುದಿಯನ್ನೇ ಹಿಡಿದು ತನ್ನ ಒಲವನ್ನು ತೋಡಿಕೊಳ್ಳುತ್ತಾಳೆ. ಪದಗಳು ಅವನವು, ಅರ್ಥ ಅವಳದು. ಅವನು ತಿರಸ್ಕರಿಸಿದಾಗ ದೇಹ ಸವೆದು, ಎಲುಬು ಕಲ್ಲಾಗಿ, ದನಿಯೊಂದೇ ಉಳಿಯುತ್ತದೆ.

ಇಂಗ್ಲಿಷಿನ ಬಳಕೆಯಲ್ಲಿ ಈ ಎರಡು ಎಳೆಗಳೂ ಉಳಿದಿವೆ. ಒಡೆಯನ ಮಾತನ್ನೇ ಒಪ್ಪಿಸುವವನು ‘ಎಕೋ’, ಇದು ನಿಂದೆ. ‘ಎಕೋ ಚೇಂಬರ್’ ಎಂಬುದು ಮೊದಲು ದನಿಗೆ ಗುಂಗು ಕೂಡಿಸಲು ರೇಡಿಯೋದವರು ಬಳಸುತ್ತಿದ್ದ ಕೋಣೆ. ಇಂದು, ತಮ್ಮ ಅಭಿಪ್ರಾಯವನ್ನೇ ನಾಲ್ಕೂ ಕಡೆಯಿಂದ ಕೇಳಿ ಅದನ್ನೇ ಲೋಕಮತವೆಂದು ನಂಬುವವರ ಕೂಟಕ್ಕೆ ಆ ಹೆಸರು. ಇನ್ನೊಂದೆಡೆ, ಹಿರಿಯ ಕವಿಯ ‘ಎಕೋ’ ಹೊಸ ಕವಿಯ ಸಾಲಿನಲ್ಲಿ ಕೇಳಿಸಿತೆಂದರೆ ಅದು ಮೆಚ್ಚುಗೆಯೂ ಆಗಬಹುದು. ವೈದ್ಯರ ‘ಎಕೋ’ ಈ ಎರಡನೆಯ ಬಗೆಯದು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಆರಂಭಿಸಿದ ಈ ವಿಧಾನದಲ್ಲಿ ಕಿವಿಗೆ ಕೇಳಿಸದ ಶಬ್ದತರಂಗವು ಹೃದಯಕ್ಕೆ ತಾಗಿ ಹಿಂದಿರುಗುತ್ತದೆ. ಹಿಂದಿರುಗುವಾಗ ಹೃದಯದ ಸುದ್ದಿಯನ್ನೂ ಹೊತ್ತು ತರುತ್ತದೆ.

ಕನ್ನಡಕ್ಕೆ ಇಲ್ಲಿ ಬಡತನವಿಲ್ಲ. ಹೋದ ದನಿ ಹಾಗೆಯೇ ಮರಳಿದರೆ ಪ್ರತಿಧ್ವನಿ; ಅಚ್ಚಗನ್ನಡದಲ್ಲಿ ಮಾರ್ದನಿ. ಘಂಟೆ ಬಾರಿಸಿದ ಮೇಲೆ ಉಳಿಯುವ ನಾದ ಅನುರಣನ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ವಾಚ್ಯಾರ್ಥದ ಬೆನ್ನಿಗೆ ಹೊಳೆಯುವ ಒಂದು ಬಗೆಯ ವ್ಯಂಗ್ಯಾರ್ಥವನ್ನು ಈ ಅನುರಣನಕ್ಕೇ ಹೋಲಿಸಿದನು.

ನಮ್ಮ ಮನೆಮಾತಿನಲ್ಲಿಯೂ ಒಂದು ‘ಎಕೋ’ ಇದೆ. ‘ಊಟ ಗೀಟ’, ‘ಹಾವು ಗೀವು’, ‘ಪುಸ್ತಕ ಗಿಸ್ತಕ’ ಎನ್ನುತ್ತೇವಲ್ಲ, ಇಂಥವನ್ನು ಭಾಷಾವಿಜ್ಞಾನಿಗಳು ಪ್ರತಿಧ್ವನಿ ಪದಗಳೆನ್ನುತ್ತಾರೆ. ‘ಗೀಟ’ಕ್ಕೆ ಬಿಡಿಯಾಗಿ ಅರ್ಥವಿಲ್ಲ. ಆದರೆ ‘ಊಟ ಆಯಿತೇ?’ ಎಂಬುದಕ್ಕೂ ‘ಊಟ ಗೀಟ ಆಯಿತೇ?’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೊದಲಕ್ಷರ ಬದಲಾಗಿ ಮರಳಿದ ಮಾತು ಸಲಿಗೆಯನ್ನೂ ‘ಮುಂತಾದುದು’ ಎಂಬ ಅರ್ಥವನ್ನೂ ತಂದಿತು.

ಆದುದರಿಂದ ಅನುವಾದಕನೂ ವಿಮರ್ಶಕನೂ ಇಲ್ಲಿ ಎಚ್ಚರದಿಂದಿರಬೇಕು. ಹೊಸ ಕವಿಯೊಬ್ಬನನ್ನು ಪಂಪನ ಪ್ರತಿಧ್ವನಿಯೆಂದರೆ ಅವನ ಸ್ವಂತಿಕೆಯನ್ನು ಅಲ್ಲಗಳೆದಂತೆ; ಅವನಲ್ಲಿ ಪಂಪನ ಅನುರಣನವಿದೆಯೆಂದರೆ ಅವನನ್ನು ಒಂದು ಪರಂಪರೆಗೆ ಸೇರಿಸಿದಂತೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದವನ್ನು ಬಳಸಿ ಭಾವವನ್ನು ಸಂದರ್ಭಕ್ಕೆ ಬಿಡುತ್ತಾರೆ. ನಮಗೆ ಎರಡು ಪದಗಳಿವೆ. ಯಾವುದನ್ನು ಆರಿಸುತ್ತೇವೆಯೋ ಅದೇ ನಮ್ಮ ತೀರ್ಪು.