ದೇವರು ಕ್ಷಮಿಸಿದರೂ ನಾವು ಕ್ಷಮಿಸದ ಒಬ್ಬರು

ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ, ಜೂನ್ 29



ಇಂದು ನಾವು ಧರ್ಮಸಭೆಯ ಎರಡು ಆಧಾರಸ್ತಂಭಗಳ ಹಬ್ಬವನ್ನು ಒಂದೇ ದಿನ ಆಚರಿಸುತ್ತಿದ್ದೇವೆ. ಒಬ್ಬರು ಗಲಿಲೇಯದ ಬೆಸ್ತರು, ಇನ್ನೊಬ್ಬರು ತಾರ್ಸಸ್ ಪಟ್ಟಣದ ವಿದ್ಯಾವಂತರು. ಚಿತ್ರಪಟಗಳಲ್ಲಿ ಒಬ್ಬರ ಕೈಯಲ್ಲಿ ಬೀಗದ ಕೈ, ಇನ್ನೊಬ್ಬರ ಕೈಯಲ್ಲಿ ಖಡ್ಗ. ಆ ಚಿತ್ರಗಳ ಮುಂದೆ ಮೇಣದಬತ್ತಿ ಹಚ್ಚುವಾಗ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ನೆನೆಸಿಕೊಂಡರೆ ನಿದ್ದೆ ಬಾರದಂಥ ಒಂದು ದಿನ ಇಬ್ಬರ ಬದುಕಿನಲ್ಲೂ ಇತ್ತು. ಪೇತ್ರರು ತಮ್ಮ ಗುರುವನ್ನು ಮೂರು ಬಾರಿ ನಿರಾಕರಿಸಿದವರು. ಸ್ತೇಫನರನ್ನು ಕಲ್ಲೆಸೆದು ಕೊಂದಾಗ, ಕೊಂದವರ ಬಟ್ಟೆಗಳು ಬಿದ್ದದ್ದು ಯುವಕ ಪೌಲರ ಪಾದದ ಬಳಿಯಲ್ಲಿ. ಅವರಾಗ ಸೌಲ ಎನಿಸಿಕೊಂಡಿದ್ದರು.

ಅಂಥ ನೆನಪನ್ನು ಹೊತ್ತುಕೊಂಡು ಇವರು ಹೇಗೆ ಬಾಳಿದರು? ಅದು ಇವರನ್ನು ಮುರಿಯಲಿಲ್ಲ ಏಕೆ? ಈ ಹಬ್ಬದಂದು ಇದೊಂದೇ ಪ್ರಶ್ನೆಯನ್ನು ಧ್ಯಾನಿಸೋಣ. ನೆರೆಯವರನ್ನು ಕ್ಷಮಿಸುತ್ತೇವೆ, ಜಗಳವಾಡಿದ ದಾಯಾದಿಯನ್ನೂ ಕ್ಷಮಿಸುತ್ತೇವೆ. ಒಬ್ಬರನ್ನು ಮಾತ್ರ ನಾವು ಕ್ಷಮಿಸುವುದಿಲ್ಲ. ಆ ಒಬ್ಬರು ನಾವೇ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮನೆಗಳಲ್ಲಿ ಈ ಮಾತುಗಳು ಹೊಸವಲ್ಲ. "ನಾ ಎದಕ್ಕೂ ಬಾರದಾಂವ" ಎನ್ನುತ್ತಾನೆ ಪರೀಕ್ಷೆಯಲ್ಲಿ ಬಿದ್ದ ಹುಡುಗ. "ನನ್ನಿಂದನ ಮನಿ ಹಾಳಾತು" ಎನ್ನುತ್ತಾನೆ ಸಾಲ ತೀರದ ರೈತ. "ನಾ ಛಲೋ ತಾಯಿ ಅಲ್ಲ" ಎಂದು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾಳೆ ಒಬ್ಬ ತಾಯಿ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದು ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿತು. ಇಂಥ ವಿಪತ್ತಿನಲ್ಲಿಯೂ ಮನುಷ್ಯನ ಮನಸ್ಸು ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ದನಗಳ ಹಗ್ಗ ಮೊದಲೇ ಬಿಚ್ಚಬೇಕಿತ್ತು, ಕಾಳಿನ ಚೀಲ ಮೊದಲೇ ಸಾಗಿಸಬೇಕಿತ್ತು ಎಂದು ರಾತ್ರಿಯೆಲ್ಲ ಕೊರಗುತ್ತದೆ. ಹೊಳೆ ಇಳಿದು ಎಷ್ಟೋ ದಿನವಾದರೂ ಆ ವಿಚಾರಣೆ ಮುಗಿಯುವುದಿಲ್ಲ.

ಇದನ್ನು ಕೆಲವರು ದೀನತೆ ಎಂದು ತಿಳಿಯುತ್ತಾರೆ. ಪ್ರಿಯರೇ, ಇದು ದೀನತೆಯಲ್ಲ. ಪಶ್ಚಾತ್ತಾಪ ಬೇರೆ, ಆತ್ಮನಿಂದೆ ಬೇರೆ. ಪಶ್ಚಾತ್ತಾಪ "ನಾನು ಮಾಡಿದ್ದು ತಪ್ಪು" ಎನ್ನುತ್ತದೆ, ಎದ್ದು ತಂದೆಯ ಮನೆಯ ದಾರಿ ಹಿಡಿಯುತ್ತದೆ. ಆತ್ಮನಿಂದೆ "ನಾನೇ ಒಂದು ತಪ್ಪು" ಎನ್ನುತ್ತದೆ, ಬಿದ್ದಲ್ಲಿಯೇ ಕುಳಿತುಬಿಡುತ್ತದೆ. ಮುಂಗಾರು ಪೈರು ಗೇಣುದ್ದ ಬಂದಾಗ ನಮ್ಮ ರೈತರು ಎಡೆ ಹೊಡೆಯುವುದನ್ನು ನೋಡಿರಿ. ಎಡೆಕುಂಟೆ ಸಾಲುಗಳ ನಡುವೆ ಹೋಗಬೇಕು, ಕಳೆಯನ್ನು ಮಾತ್ರ ಕೀಳಬೇಕು. ಕೈ ಬಿರುಸಾಗಿ ಕುಂಟೆ ಸಾಲಿನ ಮೇಲೆ ಹೋದರೆ ಕಳೆಯ ಜೊತೆ ಬೆಳೆಯೂ ಕಿತ್ತುಬರುತ್ತದೆ. ಆತ್ಮಪರೀಕ್ಷೆಯೂ ಹಾಗೆಯೇ. ಪಾಪವನ್ನು ಕೀಳಬೇಕು, ದೇವರು ನೆಟ್ಟ ಪೈರನ್ನಲ್ಲ.

ಶುಭಸಂದೇಶದಲ್ಲಿ ಪೇತ್ರರನ್ನೂ ಯೂದನನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಇಬ್ಬರೂ ಒಂದೇ ರಾತ್ರಿ ಬಿದ್ದರು, ಇಬ್ಬರಿಗೂ ದುಃಖವಾಯಿತು. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಲು ಹೋದನು ಎಂದು ಮತ್ತಾಯರು ಬರೆಯುತ್ತಾರೆ. ತಾನು ತಪ್ಪಿದೆನೆಂದು ಬಾಯಿಬಿಟ್ಟು ಹೇಳಿದನು. ಆದರೆ ಕೇಳಿದ ಯಾಜಕರು ಅದು ತಮಗೆ ಸಂಬಂಧಿಸಿದ್ದಲ್ಲ ಎಂದುಬಿಟ್ಟರು. ಅವನು ಒಂಟಿಯಾಗಿ ಹೊರಟುಹೋದನು. ಪೇತ್ರರೂ ಹೊರಗೆ ಹೋಗಿ ಬಹಳವಾಗಿ ಅತ್ತರು. ಆದರೆ ಪುನರುತ್ಥಾನದ ಬೆಳಿಗ್ಗೆ ಅವರು ಇನ್ನೊಬ್ಬ ಶಿಷ್ಯರೊಂದಿಗೆ ಇದ್ದರು, ಮುಂದೆ ತಿಬೇರಿಯಸ್ ಸರೋವರದಲ್ಲಿ ಸಂಗಡಿಗರ ಜೊತೆ ದೋಣಿಯಲ್ಲಿದ್ದರು. ನಾಚಿಕೆಯನ್ನು ಹೊತ್ತುಕೊಂಡೇ ತನ್ನವರ ನಡುವೆ ಉಳಿದ ಕಾರಣ, ಯೇಸುಸ್ವಾಮಿ ದಡಕ್ಕೆ ಬಂದಾಗ ಪೇತ್ರರು ಅಲ್ಲಿ ಸಿಕ್ಕರು.

ದಡದಲ್ಲಿ ಏನಾಯಿತು? ಅಲ್ಲೊಂದು ಇದ್ದಲಿನ ಬೆಂಕಿ ಉರಿಯುತ್ತಿತ್ತು. ಪೇತ್ರರು ನಿರಾಕರಿಸಿದ್ದೂ ಇದ್ದಲಿನ ಬೆಂಕಿಯ ಬಳಿಯಲ್ಲೇ ಎಂದು ಸಂತ ಯೊವಾನ್ನರು ಗುರುತಿಸಿದ್ದಾರೆ. ಪ್ರಭು ಹಳೆಯ ಲೆಕ್ಕದ ಪುಸ್ತಕ ತೆರೆಯಲಿಲ್ಲ. ಮೊದಲು ಊಟ ಕೊಟ್ಟರು. ಆಮೇಲೆ ತಮ್ಮನ್ನು ಪ್ರೀತಿಸುವೆಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ತಮ್ಮ ಕುರಿಮಂದೆಯನ್ನು ಒಪ್ಪಿಸಿದರು. ನಿನ್ನೆಯ ಜಾಗರಣೆಯ ಬಲಿಪೂಜೆಗೆ ನೇಮಕವಾಗಿರುವ ಶುಭಸಂದೇಶ ಇದೇ. ಇಂದಿನ ಶುಭಸಂದೇಶದಲ್ಲಿ ಯೇಸು ಸಿಮೋನರಿಗೆ ಬಂಡೆ ಎಂಬ ಹೆಸರು ಕೊಡುತ್ತಾರೆ. ಬಿದ್ದ ಮೇಲೂ ಆ ಹೆಸರನ್ನು ಅವರಿಂದ ಕಿತ್ತುಕೊಳ್ಳಲಿಲ್ಲ. ಪ್ರಭುವೇ ಹಿಂತೆಗೆದುಕೊಳ್ಳದ ಹೆಸರನ್ನು ನಮ್ಮಿಂದ ಹಿಂತೆಗೆದುಕೊಳ್ಳಲು ನಾವು ಯಾರು?

ಪೌಲರ ವಿಷಯವೂ ಇದೇ. ತಾವು ಪ್ರೇಷಿತರಲ್ಲಿ ಕೊನೆಯವರು, ಧರ್ಮಸಭೆಯನ್ನು ಹಿಂಸಿಸಿದವರು ಎಂದು ಅವರು ಕೊರಿಂಥದವರಿಗೆ ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಮಾತನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ತಾವು ಏನಾಗಿದ್ದೇವೋ ಅದು ದೇವರ ಕೃಪೆಯಿಂದ ಎಂದರು. ಅದೇ ಪತ್ರದ 4ನೇ ಅಧ್ಯಾಯದಲ್ಲಿ, ತಮ್ಮ ಬಗ್ಗೆ ತಾವೇ ತೀರ್ಪು ಕೊಟ್ಟುಕೊಳ್ಳುವುದಿಲ್ಲ, ತೀರ್ಪು ಪ್ರಭುವಿಗೆ ಸೇರಿದ್ದು ಎಂದೂ ಹೇಳುತ್ತಾರೆ. ತೀರ್ಪುಗಾರರ ಕುರ್ಚಿ ದೇವರದು. ನಮ್ಮನ್ನು ನಾವೇ ಹಳಿದುಕೊಳ್ಳುವಾಗ ನಾವು ಕುಳಿತುಕೊಳ್ಳುವುದು ಆ ಕುರ್ಚಿಯ ಮೇಲೆಯೇ.

ಐದು ದಿನಗಳ ಹಿಂದೆ ಸ್ನಾನಿಕ ಅರುಳಪ್ಪರ ಜನನದ ಹಬ್ಬವನ್ನು ಆಚರಿಸಿದೆವು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನ ವಿರಕ್ತ ಮಠಕ್ಕೆ ಅವರ ಹೆಸರೇ ಇದೆ. ಅಲ್ಲಿ ಸೇವೆ ಸಲ್ಲಿಸುತ್ತ ಬಂದವರು ಯೇಸುಸಭೆಯ ಗುರುಗಳು. ಆ ಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರೂ ಈ ಕಾಯಿಲೆಯಿಂದ ನರಳಿದವರು. 1522ರಲ್ಲಿ ಅವರು ಸ್ಪೇನ್ ದೇಶದ ಮೊಂಟ್ಸೆರಾಟ್‌ನಲ್ಲಿ ತಮ್ಮ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಆದರೂ ಮನ್ರೇಸಾಕ್ಕೆ ಬಂದಮೇಲೆ ಏನನ್ನೋ ಬಿಟ್ಟೆನೆಂಬ ಸಂಶಯ ಅವರನ್ನು ತಿನ್ನತೊಡಗಿತು. ಮತ್ತೆ ಮತ್ತೆ ಅದನ್ನೇ ನಿವೇದಿಸಿದರು. ಒಂದು ವಾರ ಊಟ ಬಿಟ್ಟರು. ಜೀವ ಕಳೆದುಕೊಳ್ಳುವ ಯೋಚನೆಯೂ ಬಂತು. ಉಪವಾಸ ಬಿಡಿಸಿದ್ದು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳ ಆಜ್ಞೆ. ಕೊನೆಗೆ, ಈ ಕಾಟ ದೇವರಿಂದ ಬಂದದ್ದಲ್ಲ ಎಂದು ಅರಿತು, ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲ ಎಂದು ನಿರ್ಧರಿಸಿದರು. ಪ್ರಿಯರೇ, ಭಕ್ತಿಯ ವೇಷದಲ್ಲಿ ಬರುವ ಪ್ರತಿಯೊಂದು ದನಿಯೂ ದೇವರ ದನಿಯಲ್ಲ.

ಇನ್ನು ನಮ್ಮ ನೆಲದ ಮಾತು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮ ಕಿತ್ತೂರಿನಲ್ಲಿ ಗೆದ್ದಳು. ಆ ವರ್ಷ ಮುಗಿಯುವ ಮುನ್ನವೇ, ಡಿಸೆಂಬರ್ ತಿಂಗಳಲ್ಲಿ, ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಅವಳು ಕಣ್ಣುಮುಚ್ಚಿದಳು. ಸಮಾಧಿಯೂ ಅಲ್ಲಿಯೇ ಇದೆ. ಆದರೂ ಪ್ರತಿ ಅಕ್ಟೋಬರ್ ತಿಂಗಳಲ್ಲಿ ನಾವು ಉತ್ಸವ ಮಾಡುತ್ತೇವೆ. ಅವಳನ್ನು ಸೋತವಳು ಎಂದು ಕರೆಯಲು ಈ ನಾಡಿನಲ್ಲಿ ಯಾರೂ ಒಪ್ಪುವುದಿಲ್ಲ. ಅವಳನ್ನು ಅಳೆಯುವಾಗ ಕೊನೆಯ ದಿನವೊಂದನ್ನೇ ನೋಡದ ನಾವು, ನಮ್ಮನ್ನೂ ನಮ್ಮ ಮಕ್ಕಳನ್ನೂ ಒಂದು ಅಂಕಪಟ್ಟಿಯಿಂದ, ಒಂದು ಬೆಳೆಯ ನಷ್ಟದಿಂದ ಅಳೆಯುತ್ತೇವೆ! ಕರ್ನಾಟಕದ ಪರೀಕ್ಷಾ ಮಂಡಳಿಯೇ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿತು. ಮಂಡಳಿ ಕೊಟ್ಟಷ್ಟು ಅವಕಾಶವನ್ನಾದರೂ ನಮ್ಮ ಮಕ್ಕಳಿಗೆ ಮನೆಯಲ್ಲಿ ಕೊಡೋಣ.

ಹೀಗೆಲ್ಲ ಮೃದುವಾದರೆ ನಾವು ಸೋಮಾರಿಗಳಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಪೇತ್ರರನ್ನು ನೋಡಿರಿ. ಕ್ಷಮೆ ಪಡೆದ ಪೇತ್ರರು ದಡದಲ್ಲಿ ಮಲಗಲಿಲ್ಲ, ರೋಮಿನವರೆಗೆ ನಡೆದು ಅಲ್ಲಿ ಪ್ರಾಣವನ್ನೇ ಕೊಟ್ಟರು. ಬೈಗುಳದಿಂದ ಕುಗ್ಗಿದವನು ಮರಳಿ ಪ್ರಯತ್ನಿಸಲು ಅಂಜುತ್ತಾನೆ, ಕ್ಷಮೆಯನ್ನು ನಂಬಿದವನು ತಪ್ಪನ್ನು ಒಪ್ಪಿಕೊಂಡು ಮರಳಿ ಕೆಲಸಕ್ಕೆ ನಿಲ್ಲುತ್ತಾನೆ.

ಹಾಗಾದರೆ ನಾವು ಏನು ಮಾಡಬೇಕು? ಮೊದಲನೆಯದಾಗಿ, ನಮ್ಮನ್ನು ಬೈದುಕೊಳ್ಳುವ ಮಾತು ಬಾಯಿಗೆ ಬಂದಾಗ, ಇದೇ ಕಷ್ಟದಲ್ಲಿರುವ ನಮ್ಮ ತಂಗಿಗೆ, ಗೆಳೆಯನಿಗೆ ಈ ಮಾತನ್ನು ಹೇಳುತ್ತಿದ್ದೆವೇ ಎಂದು ಕೇಳಿಕೊಳ್ಳೋಣ. ಹೇಳುವುದಿಲ್ಲವಾದರೆ ನಮಗೂ ಹೇಳಿಕೊಳ್ಳುವುದು ಬೇಡ. ನಮ್ಮಂತೆಯೇ ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆಯಲ್ಲಿ ಅಳತೆಗೋಲು ನಾವೇ. ಆ ಕೋಲು ಮುರಿದರೆ ನೆರೆಯವರ ಪಾಲಿನ ಪ್ರೀತಿಯೂ ಕಡಿಮೆಯಾಗುತ್ತದೆ. ಎರಡನೆಯದಾಗಿ, ಪಾಪನಿವೇದನೆ ಮಾಡಿ ಕ್ಷಮಾದಾನ ಪಡೆದದ್ದನ್ನು ಮತ್ತೆ ಅಗೆಯುವುದು ಬೇಡ. ಮೂರನೆಯದಾಗಿ, ದೇಹಕ್ಕೂ ಸ್ವಲ್ಪ ಕರುಣೆ ಇರಲಿ. ಕಾರ ಹುಣ್ಣಿಮೆಯಂದು ನಮ್ಮ ಊರುಗಳಲ್ಲಿ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೊಗ ಹೂಡದೆ ಬಿಡುತ್ತಾರೆ. ಎತ್ತಿಗೆ ಸಿಗುವ ಆ ವಿಶ್ರಾಂತಿ ಮನೆಯ ತಾಯಿಗೂ ಭಾನುವಾರದಂದು ಸಿಗಲಿ.

ಕೆಲವೊಮ್ಮೆ ಈ ದನಿ ಬಹಳ ಜೋರಾಗುತ್ತದೆ. ನಿದ್ದೆ ಹೋಗುತ್ತದೆ, ಬದುಕೇ ಬೇಡವೆನಿಸುತ್ತದೆ. ಆಗ ಅದನ್ನು ವಿಶ್ವಾಸದ ಕೊರತೆ ಎಂದು ಮುಚ್ಚಿಡಬಾರದು, ಅದು ವೈದ್ಯರು ನೋಡಬೇಕಾದ ನೋವು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಕಿತ್ತೂರಿನಿಂದ ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆಮಾಡಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಇಂಥ ನೋವಿನಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳ ಮುಂದೆ ನಾವು ತೀರ್ಪಿನ ಮಾತಾಡಬಾರದು. ಅಗಲಿದ ಅಂಥವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು 1992ರ ಧರ್ಮೋಪದೇಶ ಗ್ರಂಥವೇ ತಿಳಿಸುತ್ತದೆ. ಯಾರಾದರೂ ಬಂದು "ನಾ ತಪ್ಪು ಮಾಡೇನಿ" ಎಂದರೆ, ಆ ಯಾಜಕರಂತೆ ನಮಗೇನು ಎನ್ನದೆ ಪಕ್ಕದಲ್ಲಿ ಕೂಡೋಣ, ಒಂದು ತುತ್ತು ಊಟ ಕೊಡೋಣ.

ಇಂದಿನ ಮೊದಲನೆಯ ವಾಚನದಲ್ಲಿ, ಸೆರೆಮನೆಯಲ್ಲಿದ್ದ ಪೇತ್ರರ ಕೈಗಳಿಂದ ಸರಪಳಿಗಳು ಕಳಚಿಬಿದ್ದುದನ್ನು ಕೇಳಿದೆವು. ದೂತನು ಅವರಿಗೆ ಎದ್ದೇಳಲು, ನಡುಕಟ್ಟಿಕೊಳ್ಳಲು, ಕೆರ ಮೆಟ್ಟಿಕೊಳ್ಳಲು ಹೇಳಿದನು. ದೇವರು ಬಿಚ್ಚಿದ ಸರಪಳಿಯನ್ನು ನಾವು ಮತ್ತೆ ಕೈಗೆ ಸುತ್ತಿಕೊಳ್ಳದಿರೋಣ. ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಎಂಬುದು ಸಂತ ಯೊವಾನ್ನರು ತಮ್ಮ ಮೊದಲ ಪತ್ರದಲ್ಲಿ ಕೊಟ್ಟ ಭರವಸೆ. ಆ ದೊಡ್ಡ ಹೃದಯದಲ್ಲಿ ನಮಗೂ ಸ್ಥಳವಿದೆ ಎಂದು ನಂಬುವ ಕೃಪೆಯನ್ನು ಸಂತ ಪೇತ್ರ ಮತ್ತು ಪೌಲರ ಬಿನ್ನಹಗಳ ಮೂಲಕ ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.